ಬಂದರೆ, ಬಂದಿದ್ದರೆ



ಘೋಡಬಂದರ್ ರಸ್ತೆಯ ನಮ್ಮ ಮನೆಗಳಲ್ಲಿ ಮಕ್ಕಳು ಇಂಗ್ಲಿಷಿನಲ್ಲಿ ಎಣಿಸಿ ಕನ್ನಡದಲ್ಲಿ ಆಡುವುದುಂಟು. ದೀಪಾವಳಿಗೆ ಕರೆಯಲೆಂದು ನಮ್ಮ ಮಗಳು ಊರಿನ ಅಜ್ಜಿಗೆ ಫೋನಿನಲ್ಲಿ, “ನೀವು ಬಂದಿದ್ದರೆ ಚೆನ್ನಾಗಿರುತ್ತಿತ್ತು” ಎಂದಳು. ಅಜ್ಜಿಗೆ ಗಾಬರಿ: “ಹಬ್ಬ ಮುಗಿದೇ ಹೋಯಿತೇನೇ?”

ಮಗುವಿನ ಮನಸ್ಸಿನಲ್ಲಿದ್ದುದು ‘ಇಟ್ ವುಡ್ ಬಿ ನೈಸ್ ಇಫ್ ಯೂ ಕೇಮ್’. ಮುಂದೆ ನಡೆಯಬೇಕಾದುದಕ್ಕೂ ಇಂಗ್ಲಿಷಿನಲ್ಲಿ ‘ಕೇಮ್’ ಎಂಬ ಭೂತರೂಪವೇ ಸಲ್ಲುತ್ತದೆ. ‘ವುಡ್’ ಸೇರಿದೊಡನೆ ‘ನೈಸ್’ ಎಂಬುದು ಬರಿಯ ಊಹೆಯ ಅಭಿಪ್ರಾಯ, ಒತ್ತಾಯವಿಲ್ಲದ ವಿನಯ. ನಮ್ಮ ‘ಬಂದರೆ’ಯೂ ಭೂತಕಾಲದ ‘ಬಂದ್’ನಿಂದಲೇ ಹುಟ್ಟಿದ್ದಲ್ಲವೇ! ಆದರೂ ‘ಬಂದರೆ ಚೆನ್ನಾಗಿರುತ್ತದೆ’ ಎಂದರೆ ಬಾಗಿಲು ತೆರೆದೇ ಇದೆ; ‘ಬಂದಿದ್ದರೆ, ಇರುತ್ತಿತ್ತು’ ಎಂದರೆ ಮುಚ್ಚಿತು. ನೆರೆಯವರ ಮರಾಠಿಯಲ್ಲೂ ಕರೆಯುವ ಮಾತು ‘ಆಲಾತ್ ತರ್ ಬರಂ ಹೋಈಲ್’ ಎಂದು ಭವಿಷ್ಯಕ್ಕೇ ತಿರುಗುತ್ತದೆ.

ನಾವು ಮಗುವನ್ನು ಗದರಿಸಲಿಲ್ಲ. ಫೋನು ಮತ್ತೆ ಕೈಗಿತ್ತು “ಬಂದರೆ” ಎನ್ನಿಸಿದೆವು. ಅಜ್ಜಿ ರೈಲಿನ ವೇಳೆ ಕೇಳಿದರು.