ಕಾಲು ನೆಲಕ್ಕೆ ಎಟುಕದವನ ಗಾಡಿ

ನನ್ನ ಎತ್ತರ 5 ಅಡಿ 2 ಇಂಚು. ಇದನ್ನು ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಇವತ್ತಿನ ಮಾತೆಲ್ಲ ಅದರ ಮೇಲೇನೇ ನಿಂತಿದೆ. ಬೆಳಗಾವಿಯಲ್ಲಿ ಶಾಲೆಗೆ ಹೋಗುವಾಗ ನನಗೆ ‘ಗಿಡ್ಡ್ಯಾ’ ಅಂತಿದ್ದರು. ಪುಣೆಗೆ ಬಂದು 19 ವರ್ಷ ಆಯ್ತು, ಇಲ್ಲಿ ಯಾರೂ ಹಾಗೆ ಕರೆಯೋದಿಲ್ಲ. ಆದರೆ ಸಿಗ್ನಲ್ಲಿನಲ್ಲಿ ದೊಡ್ಡ ಗಾಡಿ ಮೇಲೆ ಬೆರಳ ತುದಿಯಲ್ಲಿ ನಿಂತಾಗೆಲ್ಲ ಆ ಹೆಸರು ಕಿವಿಯಲ್ಲಿ ಕೇಳಿಸುತ್ತಿತ್ತು.

ನಾನು ಭೋಸರಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೀನಿ. ದಿನವಿಡೀ ವರ್ನಿಯರ್, ಮೈಕ್ರೋಮೀಟರ್ ಹಿಡಿದು ಅಳೆಯೋದೇ ಕೆಲಸ. ಹಂಗಿದ್ದೂ ನನ್ನ ಸ್ವಂತ ಗಾಡಿ ವಿಷಯದಲ್ಲಿ ಒಂದನ್ನೂ ಅಳೆಯದೆ ಕೈ ಹಾಕಿದೆ. ಆ ತಪ್ಪಿನಿಂದ ಶುರು ಮಾಡೋಣ.

2021ರಲ್ಲಿ ಸೆಕೆಂಡ್ ಹ್ಯಾಂಡ್ ಸುಜುಕಿ ವಿ-ಸ್ಟ್ರಾಮ್ 650 ಎಕ್ಸ್‌ಟಿ ತಗೊಂಡೆ. ತೂಕ 216 ಕಿಲೋ, ಸೀಟಿನ ಎತ್ತರ 835 ಮಿಲಿಮೀಟರ್, ಟ್ಯಾಂಕಿನಲ್ಲಿ 20 ಲೀಟರ್ ಪೆಟ್ರೋಲು. ಪುಣೆಯಿಂದ ಬೆಳಗಾವಿಗೆ ಸುಮಾರು 340 ಕಿಲೋಮೀಟರ್. ಆ ದಾರಿಗೆ ಇದಕ್ಕಿಂತ ಒಳ್ಳೆ ಗಾಡಿ ನನಗಂತೂ ಗೊತ್ತಿಲ್ಲ. ಓಡುವಾಗ ನನ್ನ ಎತ್ತರ ಎಷ್ಟು ಅಂತ ಅದು ಕೇಳೋದೇ ಇಲ್ಲ. ನಿಂತಾಗ ಮಾತ್ರ ಕೇಳುತ್ತೆ.

2022ರ ಜನವರಿ. ಮಗಳು ಹಿಂದೆ ಕೂತಿದ್ದಳು, ಆಗ ಅವಳಿಗೆ 14. ಹಿಂದಿನ ಡಬ್ಬಿಯಲ್ಲಿ ಅಜ್ಜಿಗೆ ತಗೊಂಡ ಸಾಮಾನು ತುಂಬಿತ್ತು. ಕರಾಡ ದಾಟಿ ಒಂದು ಪೆಟ್ರೋಲ್ ಪಂಪಿಗೆ ತಿರುಗಿಸಿದೆ. ಹ್ಯಾಂಡಲ್ ಇನ್ನೂ ತಿರುಗಿರುವಾಗಲೇ ಮುಂದಿನ ಬ್ರೇಕ್ ಒತ್ತಿದೆ. ಬಲಗಾಲು ಕೆಳಗೆ ಬಿಟ್ಟೆ, ಅಲ್ಲಿ ನೆಲ ಇರಲಿಲ್ಲ. ಇತ್ತು, ಆದರೆ ಎರಡಿಂಚು ಕೆಳಗಿತ್ತು. ಗಾಡಿ ನಿಧಾನಕ್ಕೆ ವಾಲಿತು. ಆ ನಿಧಾನ ನನಗೆ ಇವತ್ತಿಗೂ ನೆನಪಿದೆ. ಮಗಳು ಕೈ ಊರಿದಳು. ಮಣಿಕಟ್ಟಿನ ಎಲುಬು ಮುರಿಯಿತು. ಆರು ವಾರ ಪ್ಲಾಸ್ಟರ್.

ಮನೆಯವಳು ಆಸ್ಪತ್ರೆಯಲ್ಲಿ ಒಂದೇ ಮಾತು ಅಂದಳು: “ಗಾಡಿ ಮಾರ್ರಿ ಅಂತ ನಾ ಅನ್ನಂಗಿಲ್ಲ. ಆದ್ರ ಅಕಿನ್ನ ಮತ್ತ ಅದರ ಮ್ಯಾಲೆ ಕೂಡ್ಸಬ್ಯಾಡ್ರಿ.”

ಗಾಡಿ ಯಾಕೆ ಬಿತ್ತು ಅಂತ ಒಂದು ಸಣ್ಣ ಲೆಕ್ಕ ಮಾಡೋಣ. 216 ಕಿಲೋ ಗಾಡಿಯ ಭಾರ ನೆಲದಿಂದ ಸುಮಾರು 60 ಸೆಂಟಿಮೀಟರ್ ಮೇಲೆ ಇದೆ ಅಂದ್ಕೊಳ್ಳಿ. 5 ಡಿಗ್ರಿ ವಾಲಿದಾಗ ಹ್ಯಾಂಡಲ್ ಹಿಡಿದು ತಡೆಯೋಕೆ ಅಂದಾಜು 10-11 ಕಿಲೋ ಬಲ ಸಾಕು. ಒಂದು ಚೀಲ ಅಕ್ಕಿ ಎತ್ತಿದ ಹಾಗೆ. 20 ಡಿಗ್ರಿಗೆ ಹೋದರೆ 40 ಕಿಲೋ ದಾಟುತ್ತೆ. ಇದು ಖಾಲಿ ಗಾಡಿ ಲೆಕ್ಕ. ಹಿಂದೆ ಒಬ್ಬರು ಕೂತು, ಡಬ್ಬಿಯೂ ತುಂಬಿದ್ದರೆ ಇನ್ನೂ ಹೆಚ್ಚು. ಅಂದ್ರೆ ಕಾಲು ಬೇಗ ನೆಲ ಮುಟ್ಟಿದರೆ ಯಾರು ಬೇಕಾದರೂ ತಡೀಬಹುದು, ತಡವಾಗಿ ಮುಟ್ಟಿದರೆ ಪೈಲ್ವಾನನ ಕೈಯಲ್ಲೂ ಆಗೋದಿಲ್ಲ. ಇದರಲ್ಲಿ ತೋಳಿನ ಶಕ್ತಿಗಿಂತ ಆ ಎರಡಿಂಚು ದೊಡ್ಡದು.

ಅವಮಾನ, ಸಿಟ್ಟು ಎರಡೂ ಇದ್ದವು. ಆನ್‌ಲೈನಿನಲ್ಲಿ 40 ಮಿಲಿಮೀಟರ್ ಇಳಿಸುವ ಲಿಂಕ್ ತರಿಸಿದೆ. ಗೊತ್ತಿಲ್ಲದವರಿಗೆ ಹೇಳ್ತೀನಿ: ಈ ಗಾಡಿಯಲ್ಲಿ ಹಿಂದಿನ ಚಕ್ರಕ್ಕೂ ಶಾಕ್ ಅಬ್ಸಾರ್ಬರಿಗೂ ನಡುವೆ ಎರಡು ಲೋಹದ ಪಟ್ಟಿಗಳಿವೆ. ಅವುಗಳ ಬದಲು ಸ್ವಲ್ಪ ಉದ್ದದ ಪಟ್ಟಿ ಹಾಕಿದರೆ ಗಾಡಿಯ ಹಿಂಭಾಗ ಕೆಳಗೆ ಕೂರುತ್ತೆ. ಹತ್ತಿರದ ಒಂದು ಗ್ಯಾರೇಜಿನಲ್ಲಿ ಒಂದು ಗಂಟೆಯಲ್ಲಿ ಹಾಕಿಸಿದೆ. ಕೂತೆ. ಪಾದ ನೆಲಕ್ಕೆ ಚೆನ್ನಾಗಿ ಹತ್ತಿರ ಬಂತು. ನನಗೆ ಅಷ್ಟೇ ಸಾಕಾಗಿತ್ತು.

ಮೂರನೇ ದಿನ ಸೊಸೈಟಿ ಪಾರ್ಕಿಂಗಿನಲ್ಲಿ ಗಾಡಿ ತಾನಾಗಿಯೇ ಬಲಕ್ಕೆ ಬಿತ್ತು, ಪಕ್ಕದವರ ಸ್ಕೂಟರ್ ಮೇಲೆ. ಗಾಡಿ ಇಳಿದಿತ್ತು, ಸೈಡ್ ಸ್ಟ್ಯಾಂಡ್ ಮೊದಲಿನಷ್ಟೇ ಉದ್ದ ಇತ್ತು. ಹಾಗಾಗಿ ಗಾಡಿ ಎಡಕ್ಕೆ ವಾಲದೆ ನೆಟ್ಟಗೆ ನಿಂತಿತ್ತು. ಯಾರೋ ಕೈ ತಾಗಿಸಿರಬೇಕು. ಮರುವಾರ ನಮ್ಮ ಗಲ್ಲಿಯ ಸ್ಪೀಡ್ ಬ್ರೇಕರಿಗೆ ಹೊಟ್ಟೆ ಕೆರೆಯಿತು. ಕಂಪನಿ ಕೊಟ್ಟ ಗ್ರೌಂಡ್ ಕ್ಲಿಯರೆನ್ಸೇ 170 ಮಿಲಿಮೀಟರ್. ಅದರಲ್ಲೂ ಒಂದಿಷ್ಟು ನಾನೇ ತಿಂದುಹಾಕಿದ್ದೆ. ರಾತ್ರಿ ಎದುರಿನವರೆಲ್ಲ ಡಿಪ್ಪರ್ ಹೊಡೆಯೋಕೆ ಶುರು ಮಾಡಿದರು, ಯಾಕಂದ್ರೆ ನನ್ನ ಹೆಡ್‌ಲೈಟ್ ಆಕಾಶ ನೋಡುತ್ತಿತ್ತು.

ಇವೆಲ್ಲ ನಗುವ ವಿಷಯ. ನಾಲ್ಕನೆಯದಕ್ಕೆ ನಗು ಬರೋದಿಲ್ಲ. ಒಬ್ಬನೇ ಬೆಳಗಾವಿಗೆ ಹೊರಟಿದ್ದೆ. ಖಂಬಾಟ್ಕಿ ಘಾಟ್ ಏರುವಾಗ ಒಂದು ತಿರುವಿನಲ್ಲಿ ಗಾಡಿ ನಾನು ಹೇಳಿದ ಕಡೆ ಬರಲಿಲ್ಲ. ಅಗಲಕ್ಕೆ, ಹೊರಗೆ ಹೊರಗೆ ಹೋಯಿತು. ಪಕ್ಕದಲ್ಲಿ ಕಬ್ಬಿಣದ ಸರಳು ಹೇರಿದ ಟ್ರಕ್ಕು. ಎಷ್ಟು ಅಂತರ ಉಳಿಯಿತು ಅಂತ ನಾನು ಅಳೆಯಲಿಲ್ಲ.

ಕಾರಣ ಬಹಳ ಸರಳ. ಈ ಗಾಡಿಯ ಎರಡು ಚಕ್ರಗಳ ನಡುವಿನ ಅಂತರ 1560 ಮಿಲಿಮೀಟರ್. ಹಿಂದೆ ಮಾತ್ರ 40 ಇಳಿಸಿದರೆ ಇಡೀ ಗಾಡಿ ಸುಮಾರು ಒಂದೂವರೆ ಡಿಗ್ರಿ ಹಿಂದಕ್ಕೆ ಮಲಗುತ್ತೆ. ಮುಂದಿನ ಫೋರ್ಕ್ ಕೂಡ ಅಷ್ಟೇ ಮಲಗುತ್ತೆ. ಆಗ ಹ್ಯಾಂಡಲ್ ಜಡ ಆಗುತ್ತೆ, ತಿರುವಿಗೆ ಬೀಳೋಕೆ ಗಾಡಿ ಒಲ್ಲೆ ಅನ್ನುತ್ತೆ. ಒಂದೂವರೆ ಡಿಗ್ರಿ ಅಂದ್ರೆ ಏನ್ ಮಹಾ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು.

ಆಮೇಲೆ ನಿಪ್ಪಾಣಿ ಕಡೆಯ ಒಬ್ಬ ಹಿರಿಯ ಮಿಸ್ತ್ರಿ ಸಿಕ್ಕರು, ಪುಣೆಯಲ್ಲೇ ಇದ್ದಾರೆ. ಗಾಡಿ ಸುತ್ತ ಒಂದು ಸುತ್ತು ಬಂದು ಅಂದರು: “ಸಾಹೇಬ್ರ, ನೀವು ಗಾಡಿ ಇಳಿಸೀರಿ ಖರೆ. ಆದ್ರ ನಿಮ್ಮ ಕಾಲಿಗೂ ನೆಲಕ್ಕೂ ನಡುವ ಏನೇನ ಅದ ಅಂತ ಲೆಕ್ಕ ಹಾಕೀರೇನ್ರಿ?” ಅಳೆಯುವವನಿಗೆ ಅಳೆಯೋದು ಹೇಳಿಕೊಟ್ಟರು. ಅವತ್ತು ಕಲಿತ ಕ್ರಮ ಈಗ ನಿಮಗೆ ಹೇಳ್ತೀನಿ. ಖರ್ಚು ಕಡಿಮೆ ಇರೋದು ಮೊದಲು, ಗಾಡಿಯ ಗುಣ ಬದಲಿಸೋದು ಕೊನೆಗೆ.

ಮೊದಲನೆಯದು, ಸ್ಯಾಗ್. ಅಂದ್ರೆ ನೀವು ಕೂತಾಗ ಸ್ಪ್ರಿಂಗ್ ಎಷ್ಟು ಕುಗ್ಗುತ್ತೆ ಅನ್ನೋದು. ಹಿಂದಿನ ಚಕ್ರ ನೆಲ ಬಿಟ್ಟಿರುವಾಗ ಅದರ ಆಕ್ಸಲ್‌ನಿಂದ ಮೇಲಿನ ಒಂದು ಗುರುತಿನವರೆಗೆ ಅಳೀರಿ. ಆಮೇಲೆ ಹೆಲ್ಮೆಟ್, ಜಾಕೆಟ್ ಹಾಕಿಕೊಂಡು ಕೂತು ಮತ್ತೆ ಅಳೀರಿ. ಆ ವ್ಯತ್ಯಾಸ ಚಕ್ರದ ಒಟ್ಟು ಓಡಾಟದ ನೂರಕ್ಕೆ 30ರ ಆಸುಪಾಸು ಇರಬೇಕು. ಈ ಗಾಡಿಗೆ ಹಿಂದೆ 160 ಮಿಲಿಮೀಟರ್ ಓಡಾಟ, ಹಾಗಾಗಿ 48ರ ಹತ್ತಿರ. ನನ್ನ ತೂಕ 58 ಕಿಲೋ, ನನಗೆ ಬಂದದ್ದು 36. ಅಂದ್ರೆ ಸ್ಪ್ರಿಂಗ್ ನನಗಿಂತ ದಪ್ಪ ಮನುಷ್ಯನಿಗೆ ಬಿಗಿ ಮಾಡಿತ್ತು. ಪ್ರೀಲೋಡ್ ನಾಬ್ ಕೈಯಲ್ಲೇ ತಿರುಗಿಸಿ ಸಡಿಲ ಮಾಡಿದೆವು. 12 ಮಿಲಿಮೀಟರ್ ಫುಕಟ್ ಸಿಕ್ಕಿತು. ಗಿಡ್ಡ ಇರುವವರು ಬಹಳ ಸಲ ಹಗುರವೂ ಇರ್ತಾರೆ, ಆದರೆ ಇದನ್ನು ಯಾರೂ ನೋಡೋದಿಲ್ಲ.

ಎರಡನೆಯದು, ಸೀಟು. ಎತ್ತರದಷ್ಟೇ ಅಗಲವೂ ಮುಖ್ಯ ಕಣ್ರಿ. ಅಗಲ ಸೀಟಿನ ಮೇಲೆ ತೊಡೆ ಹೊರಗೆ ಹರಡುತ್ತೆ, ಕಾಲು ಓರೆ ಆಗುತ್ತೆ, ಓರೆ ಆದ ಕಾಲು ಗಿಡ್ಡ ಆಗುತ್ತೆ. ಸೀಟ್ ಹೊಲಿಯುವವರ ಹತ್ತಿರ ಹೋಗಿ ಫೋಮ್ 22 ಮಿಲಿಮೀಟರ್ ಕೆತ್ತಿಸಿದೆ, ಟ್ಯಾಂಕಿನ ಹತ್ತಿರ ಎರಡೂ ಬದಿ ಕಿರಿದು ಮಾಡಿಸಿದೆ. ಬಹಳ ಕೆತ್ತಿಸಬೇಡಿ, ಕೆಳಗಿನ ಪ್ಲಾಸ್ಟಿಕ್ ತಳ ಸೊಂಟಕ್ಕೆ ಹೊಡೆಯುತ್ತೆ. ಹಳೇ ಸೀಟು ಬಿಸಾಡಬೇಡಿ, ಇನ್ನೊಂದು ತಳ ಸಿಕ್ಕರೆ ಅದರ ಮೇಲೇ ಕೆಲಸ ಮಾಡಿಸಿ.

ಮೂರನೆಯದು, ಬೂಟು. ದಪ್ಪ ಅಟ್ಟೆಯ ರೈಡಿಂಗ್ ಬೂಟಿನಿಂದ 15 ಮಿಲಿಮೀಟರ್. ಬರೀ ಹಿಮ್ಮಡಿ ದಪ್ಪ ಇದ್ದರೆ ಉಪಯೋಗ ಇಲ್ಲ, ನಾವು ನಿಲ್ಲೋದು ಮುಂಗಾಲ ಮೇಲೆ. ಗೇರ್ ಲಿವರಿನ ಎತ್ತರ ಸ್ವಲ್ಪ ಮೇಲೆ ಮಾಡಿಸಿಕೊಳ್ಳಿ, ಇಲ್ಲಾಂದ್ರೆ ದಪ್ಪ ಬೂಟು ಅದರ ಕೆಳಗೆ ತೂರೋದಿಲ್ಲ.

ಇವೆಲ್ಲ ಆದಮೇಲೆ ನಾಲ್ಕನೆಯದು, ಲಿಂಕ್. 40ರದ್ದು ತೆಗೆಸಿ 20ರದ್ದು ಹಾಕಿಸಿದೆ. ಅದರ ಜೊತೆಗೆ ಮುಂದಿನ ಫೋರ್ಕಿನ ಕೊಳವೆಗಳನ್ನು ಕ್ಲ್ಯಾಂಪಿನಲ್ಲಿ 20 ಮಿಲಿಮೀಟರ್ ಮೇಲಕ್ಕೆ ಸರಿಸಿದೆವು. ಹಿಂದೆ ಎಷ್ಟೋ ಮುಂದೆಯೂ ಹತ್ತಿರ ಹತ್ತಿರ ಅಷ್ಟೇ ಇಳಿಯಬೇಕು, ಇದೇ ನಿಯಮ. ಎರಡೂ ಕೊಳವೆ ಸಮ ಇದೆಯಾ ಅಂತ ವರ್ನಿಯರಿನಲ್ಲಿ ನೋಡಿದೆ. ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿಸಿ, ಅಂದಾಜಿನಲ್ಲಿ ಬೇಡ.

ಆಮೇಲೆ ತಪಾಸಣೆ. ಫೋರ್ಕ್ ಪೂರ್ತಿ ಒತ್ತಿದಾಗ ಮುಂದಿನ ಮಡ್‌ಗಾರ್ಡ್ ಎಲ್ಲೂ ತಾಗಬಾರದು. ಹಿಂದೆ ಇಬ್ಬರು ಕೂತು ಜಿಗಿದಾಗ ಟೈರ್ ಒಳಗಿನ ಪ್ಲಾಸ್ಟಿಕ್ಕಿಗೆ ತಾಗಬಾರದು. ಲಿಂಕ್ ಬದಲಾದರೆ ಚಕ್ರ ಮೊದಲಿಗಿಂತ ಮೇಲೆ ಬರುತ್ತೆ. ಚೈನ್ ಸಡಿಲ ಮತ್ತೆ ನೋಡಬೇಕು, ಹೆಡ್‌ಲೈಟ್ ಇಳಿಸಬೇಕು, ಸ್ಯಾಗ್ ಮತ್ತೆ ಅಳೆಯಬೇಕು. ಲಿಂಕ್ ಹಾಕಿದ ಮೇಲೆ ಹಿಂಭಾಗ ಮೆತ್ತಗಾಗಿತ್ತು, ಪ್ರೀಲೋಡ್ ಸ್ವಲ್ಪ ವಾಪಸ್ ಬಿಗಿ ಮಾಡಿದೆವು. ಸೈಡ್ ಸ್ಟ್ಯಾಂಡ್ 15 ಮಿಲಿಮೀಟರ್ ಕತ್ತರಿಸಿ, ಒಳಗೆ ಸರಳು ಕೂರಿಸಿ ವೆಲ್ಡ್ ಮಾಡಿದರು. ಸೆಂಟರ್ ಸ್ಟ್ಯಾಂಡ್ ಹಾಕಿಸಿಕೊಂಡವರಿಗೆ ಒಂದು ಮಾತು: ಗಾಡಿ ಇಳಿದ ಮೇಲೆ ಅದನ್ನು ಎತ್ತಿ ನಿಲ್ಲಿಸೋದು ಮೊದಲಿಗಿಂತ ಕಷ್ಟ.

ಈಗ ಲೆಕ್ಕ ನೋಡ್ರಿ. ಸ್ಯಾಗ್ 12, ಸೀಟು 22, ಬೂಟು 15, ಲಿಂಕ್ 20. ಒಟ್ಟು 69 ಮಿಲಿಮೀಟರ್. ಪ್ರೀಲೋಡ್ ವಾಪಸ್ ಬಿಗಿ ಮಾಡಿದ್ದು ಲಿಂಕ್ ತಂದ ಮೆತ್ತಗೆಗೆ ಮಾತ್ರ, ಆ 12 ಉಳಿದುಕೊಂಡಿತು. ಮೊದಲು 40 ಇಳಿಸಿದಾಗ ಸಿಕ್ಕಿದ್ದು 40 ಮಾತ್ರ. ಲಿಂಕಿನ ಕೆಲಸ ಅರ್ಧ ಮಾಡಿದೆ, ನೆಲ ಹೆಚ್ಚು ಹತ್ತಿರ ಬಂತು. ಇವತ್ತು ನನ್ನ ಎರಡೂ ಮುಂಗಾಲು ನೆಲದ ಮೇಲಿವೆ. ಸ್ವಲ್ಪ ಸರಿದು ಕೂತರೆ ಎಡಪಾದ ಪೂರ್ತಿ ಊರುತ್ತೆ. ಹೊಟ್ಟೆ ಮೊದಲಿನಷ್ಟು ಎತ್ತರ ಇಲ್ಲ, ದೊಡ್ಡ ಹಂಪಿನಲ್ಲಿ ಈಗಲೂ ನಿಧಾನ ಮಾಡ್ತೀನಿ. ಅದು ನಾನು ಕೊಟ್ಟ ಬೆಲೆ.

ಕಾನೂನಿನ ಮಾತೂ ಹೇಳಿಬಿಡ್ತೀನಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿ ಬರೆದ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆ ಆಗುವಂತೆ ಗಾಡಿ ಬದಲಿಸುವ ಹಾಗಿಲ್ಲ. ಚಾಸಿಗೆ ಗರಗಸ ಹಾಕೋದು, ವೆಲ್ಡ್ ಮಾಡೋದು ಬೇಡವೇ ಬೇಡ. ಏನೇ ಬದಲಿಸಿದರೂ ಇನ್ಶೂರೆನ್ಸ್ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ತೆಗೆದ ಪಾರ್ಟುಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಇಟ್ಟುಕೊಳ್ಳಿ, ವಾಪಸ್ ಹಾಕುವ ಹಾಗಿರಬೇಕು.

ಇಷ್ಟೆಲ್ಲ ಆದಮೇಲೆ ಮಿಸ್ತ್ರಿ ಕೇಳಿದರು: “ಗಾಡಿ ಮುಗೀತ್ರಿ. ನಿಮ್ಮದು ಯಾವಾಗ ಸುರು?” ಅಮೆರಿಕದಲ್ಲಿ ಜಾಸಲಿನ್ ಸ್ನೋ ಅಂತ ಒಬ್ಬ ರೈಡರ್ ಇದ್ದಾರೆ. 5 ಅಡಿ 1 ಇಂಚು, ನನಗಿಂತ ಗಿಡ್ಡ. ಅವರು ಓಡಿಸಿದ್ದು ಬಿಎಂಡಬ್ಲ್ಯುವಿನ ಆರ್ 1200 ಜಿಎಸ್ ಅಡ್ವೆಂಚರ್, ನನ್ನ ಗಾಡಿಗಿಂತ ಎತ್ತರ, ನನ್ನದಕ್ಕಿಂತ ಭಾರ. ಅಂದ್ರೆ ಉಳಿದದ್ದು ಅಭ್ಯಾಸ.

ಎರಡು ತಿಂಗಳು ಪ್ರತಿ ಭಾನುವಾರ ಬೆಳಿಗ್ಗೆ 6ಕ್ಕೆ ಖಾಲಿ ಮೈದಾನಕ್ಕೆ ಹೋದೆ. ಕಲಿತದ್ದು ನಾಲ್ಕೇ ವಿಷಯ. ನಿಲ್ಲುವ ಮೊದಲು ನೆಲ ನೋಡಿ ಜಾಗ ಆರಿಸೋದು: ಇಳಿಜಾರು ಯಾವ ಕಡೆ, ಖಡಿ ಎಲ್ಲಿ, ಗುಂಡಿ ಎಲ್ಲಿ. ಹ್ಯಾಂಡಲ್ ನೆಟ್ಟಗಾಗುವ ತನಕ ಮುಂದಿನ ಬ್ರೇಕ್ ಮುಟ್ಟದೆ, ಕೊನೆಯ ಒಂದು ಮೀಟರ್ ಹಿಂದಿನ ಬ್ರೇಕಿನಲ್ಲೇ ನಿಲ್ಲಿಸೋದು. ನಿಲ್ಲುವ ಮೊದಲೇ ಸೀಟಿನ ಮೇಲೆ ಎಡಕ್ಕೆ ಸರಿದು ಎಡಗಾಲು ಮಾತ್ರ ಇಡೋದು, ಎರಡೂ ಕಾಲಿನ ಆಸೆ ಬಿಡೋದು. ನಾಲ್ಕನೆಯದು, ಹಿಂದೆ ಕೂರುವವರು ಹತ್ತೋದು, ಇಳಿಯೋದು ನಾನು ‘ಹೂಂ’ ಅಂದ ಮೇಲೇನೇ. ಕರಾಡದ ಪಂಪಿನಲ್ಲಿ ನಾನು ಮೊದಲ ಎರಡನ್ನಾದರೂ ಮಾಡಿದ್ದರೆ ಗಾಡಿ ಇಳಿಸದೆಯೂ ಬೀಳ್ತಿರಲಿಲ್ಲ. ಇದನ್ನು ಒಪ್ಪಿಕೊಳ್ಳೋಕೆ ನನಗೆ ಒಂದು ವರ್ಷ ಬೇಕಾಯ್ತು. ಕಾಲು ಗಿಡ್ಡ ಅನ್ನೋದು ಖರೆ, ಆದರೆ ಕೈ ತಪ್ಪು ಮಾಡಿತ್ತು.

ಮಗಳನ್ನು ನಾನು ಕರೆಯಲಿಲ್ಲ. ಅವಳೇ ಒಂದು ಭಾನುವಾರ ಮೈದಾನಕ್ಕೆ ಬಂದಳು. ಸುಮ್ಮನೆ ಕಟ್ಟೆ ಮೇಲೆ ಕೂತು ಅರ್ಧ ಗಂಟೆ ನೋಡಿದಳು. ಆಮೇಲೆ ಕೇಳಿದಳು, “ಪಪ್ಪಾ, ಎಷ್ಟ ಸಲ ನಿಲ್ಲಿಸಿದ್ರಿ?” ನಾನು ಎಣಿಸಿರಲಿಲ್ಲ. “ನಾ ಎಣಿಸೀನಿ. 41 ಸಲ. ಒಮ್ಮೆನೂ ಬೀಳ್ಲಿಲ್ಲ,” ಅಂದಳು. ಹೆಲ್ಮೆಟ್ ಮನೆಯಿಂದಲೇ ತಂದಿದ್ದಳು. ಮನೆಯವಳಿಗೆ ಫೋನ್ ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಮೈದಾನದಾಗ ಅಷ್ಟ,” ಅಂದಳು.

ಈಗಲೂ ಮೈದಾನ ಮತ್ತು ನಮ್ಮ ಓಣಿ, ಅಷ್ಟೇ. ಬೆಳಗಾವಿಗೆ ನಾನೊಬ್ಬನೇ ಗಾಡಿಯಲ್ಲಿ ಹೋಗ್ತೀನಿ, ಅವರಿಬ್ಬರೂ ಬಸ್ಸಿನಲ್ಲಿ ಬರ್ತಾರೆ. ಅದು ಅವಳ ಹಕ್ಕು, ನಾನು ವಾದ ಮಾಡೋದಿಲ್ಲ.

ನಿಮ್ಮಲ್ಲಿ ನನ್ನಷ್ಟೇ ಎತ್ತರದವರು ಇದ್ದರೆ ಒಂದೇ ಕೋರಿಕೆ. ಅಂಗಡಿಗೆ ಹೋಗುವ ಮೊದಲು ಟೇಪು ಹಿಡಿದು ಮನೆಯವರೊಬ್ಬರನ್ನು ಕರೀರಿ. ಗಾಡಿ ಮೇಲೆ ಕೂತು ಅಳಸಿಕೊಳ್ಳಿ. ನಾಚಿಕೆ ಬೇಡ. ಹೆದರುವುದಾದರೆ ಅಳೆಯದೆ ಗಾಡಿ ಇಳಿಸೋಕೆ ಹೆದರ್ರಿ.