ಜಾರುವ ಕ್ಲಚ್ಚು
(ಶಾಲೆಯ ವಾರ್ಷಿಕ ಪಾಲಕರ ಸಭೆಯಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಪ್ರತಿವರ್ಷ ಈ ಸಭೆಯಲ್ಲಿ ಪರೀಕ್ಷೆಯ ಫಲಿತಾಂಶವನ್ನೂ ಕಟ್ಟಡದ ಕೊರತೆಯನ್ನೂ ಕುರಿತು ನಾವು ಮಾತನಾಡುವುದು ವಾಡಿಕೆ. ಈ ಸಲ ಅವೆರಡನ್ನೂ ಅಚ್ಚಾದ ವರದಿಗೆ ಬಿಟ್ಟುಕೊಟ್ಟು, ಯಂತ್ರದ ಒಂದು ಸಣ್ಣ ಅಂಗದ ವಿಷಯವಾಗಿ ಮಾತನಾಡಬೇಕೆಂದಿದ್ದೇವೆ. ಭಾಷೆ, ಇತಿಹಾಸಗಳನ್ನು ಕಲಿಸುವವರಿಗೆ ಯಂತ್ರದ ಗೊಡವೆಯೇಕೆಂದು ಕೆಲವರಿಗೆ ಅನಿಸಬಹುದು. ನಮ್ಮಲ್ಲಿ ಹತ್ತನೆಯ ಇಯತ್ತೆ ಮುಗಿಸಿದ ಹುಡುಗರಲ್ಲಿ ಹಲವರು ಸೊಲ್ಲಾಪುರದ ಮಗ್ಗಗಳಿಗೆ, ಬೇಳೆ ಗಿರಣಿಗಳಿಗೆ, ಸಕ್ಕರೆ ಕಾರಖಾನೆಗಳಿಗೆ ಕೆಲಸಕ್ಕೆ ಹೋಗುತ್ತಾರೆ. ಊರಲ್ಲಿ ಉಳಿದವರು ಟ್ರ್ಯಾಕ್ಟರು ಹೊಡೆಯುತ್ತಾರೆ. ಇವರ ಕೈಗೆ ಮೊದಲ ವಾರವೇ ಬರುವ ವಸ್ತು ಪುಸ್ತಕವಲ್ಲ, ಪಾನಾ. ಆ ಪಾನಾವನ್ನು ಎಲ್ಲಿ ತಿರುಗಿಸಬೇಕು, ಎಲ್ಲಿ ತಿರುಗಿಸಬಾರದು ಎಂಬುದನ್ನು ಹೇಳಿ ಕಳಿಸದಿದ್ದರೆ ನಾವು ಕಲಿಸಿದ್ದರಲ್ಲಿ ಕೊರತೆ ಉಳಿದಂತೆಯೇ.

ಈ ಮಾತು ನಮ್ಮ ತಲೆಗೆ ಬಂದದ್ದು ಒಬ್ಬ ಹಳೆಯ ವಿದ್ಯಾರ್ಥಿಯಿಂದ. ಅವನು ಒಂದು ಬೇಳೆ ಗಿರಣಿಯಲ್ಲಿ ಸಹಾಯಕನಾಗಿದ್ದನು. ಕಾಳನ್ನು ಕೆಳಗಿನಿಂದ ಮೇಲಿನ ಅಂತಸ್ತಿಗೆ ಎತ್ತುವ ಬಕೆಟ್ ಎಲಿವೇಟರೊಂದು ಅಲ್ಲಿತ್ತು. ಸರಪಳಿಗೆ ಬುಟ್ಟಿಗಳನ್ನು ಕಟ್ಟಿದ ಯಂತ್ರ. ಸುಗ್ಗಿಯ ಭರಾಟೆಯಲ್ಲಿ ಅದರ ಕ್ಲಚ್ಚು ದಿನಕ್ಕೆ ನಾಲ್ಕೈದು ಬಾರಿ ಜಾರತೊಡಗಿತು. ಕ್ಲಚ್ಚು ಜಾರಿದಾಗಲೆಲ್ಲ ಕೆಲಸ ನಿಲ್ಲುತ್ತಿತ್ತು. ಮೇಲಿನವರು 'ಬಿಗಿ ಮಾಡು' ಎಂದರು, ಹುಡುಗ ಬಿಗಿ ಮಾಡಿದನು. ಎರಡು ದಿನ ಯಂತ್ರ ಬಹಳ ಚೆನ್ನಾಗಿ ಓಡಿತು. ಮೂರನೆಯ ದಿನ ಸರಪಳಿ ಹರಿದು ಬುಟ್ಟಿಗಳೆಲ್ಲ ಕೆಳಗೆ ಕುಸಿದವು. ಊಟದ ಹೊತ್ತಾದ್ದರಿಂದ ಹತ್ತಿರ ಯಾರೂ ಇರಲಿಲ್ಲ.

ರವಿವಾರ ಅವನು ನಮ್ಮ ಮನೆಗೆ ಬಂದು, ಕಟ್ಟೆಯ ಮೇಲೆ ತಲೆ ತಗ್ಗಿಸಿ ಕುಳಿತು ಕೇಳಿದನು: "ಸರ್, ಸಡ್ಲ ಆಗಿತ್ತು, ಬಿಗಿ ಮಾಡಿದೆ. ಅದರಾಗ ನಂದೇನ್ ತಪ್ಪೈತ್ರಿ?"

ನಮಗೆ ಆಗ ಉತ್ತರ ಗೊತ್ತಿರಲಿಲ್ಲ. ಪರಿಚಯದ ಹಿರಿಯ ಫಿಟರೊಬ್ಬರನ್ನು ಕರೆದುಕೊಂಡು ನಾವೂ ಆ ಗಿರಣಿಗೆ ಹೋದೆವು. ಅವರು ಕ್ಲಚ್ಚಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನೆಟ್ಟಗೆ ಕೆಳಗಿಳಿದು ಎಲಿವೇಟರಿನ ತಳದ ಪೆಟ್ಟಿಗೆಯ ಬಾಗಿಲನ್ನು ತೆಗೆದರು. ಒಳಗೆ ಹಸಿ ಹೊಟ್ಟು ಮತ್ತು ಬೇಳೆಯ ಪುಡಿ ಕೂಡಿ ಗಾರೆಯಂತೆ ಗಟ್ಟಿಯಾಗಿ ಕುಳಿತಿತ್ತು. ತಳದ ಅಚ್ಚಿಗೆ ಗೋಣಿಚೀಲದ ತುಂಡೊಂದು ಸುತ್ತಿಕೊಂಡಿತ್ತು. ಬುಟ್ಟಿಗಳು ಆ ಗಡ್ಡೆಗೆ ತಗುಲಿದಾಗಲೆಲ್ಲ ಕ್ಲಚ್ಚು ಜಾರಿ ಸರಪಳಿಯನ್ನು ಉಳಿಸುತ್ತಿತ್ತು. ಅಂದರೆ ಕ್ಲಚ್ಚು ಕೆಟ್ಟಿರಲಿಲ್ಲ. ತನಗೆ ಒಪ್ಪಿಸಿದ ಕೆಲಸವನ್ನು ದಿನಕ್ಕೆ ನಾಲ್ಕೈದು ಬಾರಿ ಸರಿಯಾಗಿ ಮಾಡುತ್ತಿತ್ತು.

ಈ ಅಂಗಕ್ಕೆ ಓವರ್‌ಲೋಡ್ ಕ್ಲಚ್ಚು ಎಂದು ಹೆಸರು. ಮೋಟಾರಿಗೂ ಯಂತ್ರಕ್ಕೂ ನಡುವೆ ಇದನ್ನು ಕೂಡಿಸುತ್ತಾರೆ. ಗೊತ್ತುಪಡಿಸಿದ ತಿರುಗುಬಲದವರೆಗೆ ಎರಡನ್ನೂ ಕಟ್ಟಿಹಿಡಿದು, ಅದಕ್ಕೆ ಮೀರಿದೊಡನೆ ಕೈಬಿಡುವುದು ಇದರ ಧರ್ಮ. ರೈತ ಪಾಲಕರಿಗೆ ಪಂಪಿನ ಪೆಟ್ಟಿಗೆಯಲ್ಲಿಯ ಫ್ಯೂಜು ಗೊತ್ತೇ ಇದೆ. ಫ್ಯೂಜು ಪದೇ ಪದೇ ಹೋಗುತ್ತದೆಂದು ಬೇಸತ್ತು ದಪ್ಪ ತಾಮ್ರದ ತಂತಿ ಕಟ್ಟಿದವರ ಮೋಟಾರು ಏನಾಯಿತೆಂಬುದನ್ನು ನಾವು ಹೇಳಬೇಕಾಗಿಲ್ಲ. ಸುರುಳಿ ಕಟ್ಟಿಸಲು ಸೊಲ್ಲಾಪುರಕ್ಕೆ ಹೊತ್ತುಕೊಂಡು ಹೋದವರು ಈ ಸಭೆಯಲ್ಲಿಯೇ ಇದ್ದಾರೆ. ನೇಕಾರ ಬಂಧುಗಳಿಗೂ ಇದು ಹೊಸದಲ್ಲ. ಲಾಳಿ ನಡುವೆ ಸಿಕ್ಕಿಕೊಂಡಾಗ ಕೆಲವು ಮಗ್ಗಗಳಲ್ಲಿ ಹಣಿಗೆ ಹಿಂದಕ್ಕೆ ಸರಿದು ಹಾಸಿನ ಎಳೆಗಳನ್ನು ಉಳಿಸುತ್ತದೆ. ಇನ್ನು ಕೆಲವು ಮಗ್ಗಗಳು ಧಡ್ಡೆಂದು ಬಡಿದುಕೊಂಡು ನಿಂತೇ ಬಿಡುತ್ತವೆ. ಕ್ಲಚ್ಚು ಇದೇ ಜಾತಿಯದು.

ಮೋಟಾರಿಗೆ ವಿದ್ಯುತ್ತಿನ ರಕ್ಷಣೆ ಇರುವಾಗ ಇದೇಕೆ ಬೇಕೆಂದು ಒಂಬತ್ತನೆಯ ಇಯತ್ತೆಯ ಬಾಲಕಿಯೊಬ್ಬಳು ನಮ್ಮನ್ನು ಕೇಳಿದಳು. ಒಳ್ಳೆಯ ಪ್ರಶ್ನೆ. ಸಾಮಾನ್ಯವಾಗಿ ಬಳಸುವ ಓವರ್‌ಲೋಡ್ ರಿಲೇ ಕಾಯ್ದು ಬಿಸಿಯಾದ ಮೇಲೆ ವಿದ್ಯುತ್ತನ್ನು ಕಡಿಯುತ್ತದೆ. ಅದಕ್ಕೆ ಕೆಲವು ಸೆಕೆಂಡುಗಳಾದರೂ ಬೇಕು. ಯಂತ್ರ ಸಿಕ್ಕಿಕೊಂಡ ಆ ಗಳಿಗೆಯಲ್ಲಿ ಮೋಟಾರು ತನ್ನ ದಿನದ ಬಲದ ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಬಲವನ್ನು ಹಾಕುತ್ತದೆ. ಸಾಲದ್ದಕ್ಕೆ ಭರದಿಂದ ತಿರುಗುತ್ತಿದ್ದ ಚಕ್ರಗಳ ವೇಗವೂ ಬಂದು ಹೊಡೆಯುತ್ತದೆ. ರಿಲೇ ಮೋಟಾರನ್ನು ಉಳಿಸುವುದು ನಿಜ, ಆದರೆ ಅಷ್ಟರೊಳಗೆ ಹಲ್ಲು ಮುರಿದಿರುತ್ತದೆ. ಕ್ಲಚ್ಚು ಆ ಕ್ಷಣದಲ್ಲಿಯೇ ಜಾರಬಲ್ಲದು.

ಇದರಲ್ಲಿ ಮೂರು ಬಗೆಗಳು ಹೆಚ್ಚಾಗಿ ಕಾಣಸಿಗುತ್ತವೆ. ಶಿಯರ್ ಪಿನ್ನು ತೀರ ಸರಳವಾದುದು. ಭಾರ ಮೀರಿದರೆ ಪಿನ್ನು ತುಂಡಾಗುತ್ತದೆ, ಹೊಸದನ್ನು ಹಾಕಬೇಕು. ಇಲ್ಲಿ ತಪ್ಪು ನಡೆಯುವುದು ಅಂಗಡಿಯಲ್ಲಿ. ಯಂತ್ರ ಮಾಡಿದವರು ಹೇಳಿದ ಅಳತೆಯ, ಹೇಳಿದ ದರ್ಜೆಯ ಪಿನ್ನನ್ನು ಬಿಟ್ಟು 'ಇದು ಗಟ್ಟಿಯಾಗಿದೆ, ಮುರಿಯುವುದಿಲ್ಲ' ಎಂದು ಮಾರುವ ಬೋಲ್ಟನ್ನು ತರುತ್ತೇವೆ. ಮುರಿಯದಿರುವುದೇ ಅದರ ದೋಷ.

ಎರಡನೆಯದು ಘರ್ಷಣೆಯ ಕ್ಲಚ್ಚು. ತಟ್ಟೆಗಳ ನಡುವೆ ಲೈನಿಂಗು, ಮೇಲೆ ಒತ್ತುವ ಸ್ಪ್ರಿಂಗುಗಳು. ಭಾರ ಮೀರಿದಾಗ ಜಾರುತ್ತದೆ, ಭಾರ ಇಳಿದಾಗ ತಾನೇ ಹಿಡಿಯುತ್ತದೆ. ಆದರೆ ಬಹಳ ಹೊತ್ತು ಜಾರಲು ಬಿಟ್ಟರೆ ಬಿಸಿಯಾಗಿ ಲೈನಿಂಗು ಸುಡುತ್ತದೆ. ಸುಟ್ಟ ವಾಸನೆ ಬಂದರೆ ಆಗಲೇ ತಡವಾಗಿದೆ ಎಂದರ್ಥ. ಒಣ ಲೈನಿಂಗಿಗೆ ಎಣ್ಣೆ ತಾಗಬಾರದು.

ಮೂರನೆಯದು ಗುಂಡಿನ ಕ್ಲಚ್ಚು. ಉಕ್ಕಿನ ಗುಂಡುಗಳು ಸ್ಪ್ರಿಂಗಿನ ಒತ್ತಡದಿಂದ ಕುಳಿಗಳಲ್ಲಿ ಕುಳಿತಿರುತ್ತವೆ. ಭಾರ ಮೀರಿದರೆ ಕುಳಿಯಿಂದ ಮೇಲೆದ್ದು ಸಂಬಂಧವನ್ನು ಕಡಿಯುತ್ತವೆ. ಆಗ ತಟ್ಟೆ ಸರಿಯುವುದನ್ನು ಒಂದು ಸ್ವಿಚ್ಚು ಗುರುತಿಸಿ ಮೋಟಾರನ್ನು ನಿಲ್ಲಿಸುವಂತೆ ಮಾಡಿರುತ್ತಾರೆ. ಪೊಟ್ಟಣ ಕಟ್ಟುವ ಯಂತ್ರಗಳಂತೆ ಒಂದು ಕೈ ಚಲಿಸಿದಾಗಲೇ ಮತ್ತೊಂದು ಕೈ ಬರಬೇಕಾದಲ್ಲಿ, ಒಂದು ಪೂರ್ತಿ ಸುತ್ತಿನಲ್ಲಿ ಒಂದೇ ಜಾಗದಲ್ಲಿ ಗುಂಡುಗಳು ಕುಳಿತುಕೊಳ್ಳುವಂತೆ ಕುಳಿಗಳನ್ನು ಕೊರೆದಿರುತ್ತಾರೆ. ಇಲ್ಲವಾದರೆ ಯಂತ್ರದ ತಾಳ ತಪ್ಪುತ್ತದೆ.

ಈಗ ಬಿಗಿ ಮಾಡುವ ಮಾತು. ಕ್ಲಚ್ಚನ್ನು ಎಂದೂ ಬಿಗಿ ಮಾಡಬಾರದೆಂದು ನಾವು ಹೇಳುತ್ತಿಲ್ಲ. ಲೈನಿಂಗು ಸವೆದಾಗ ಸ್ಪ್ರಿಂಗು ಸಡಿಲಾಗುತ್ತದೆ, ಬಿಗಿ ಮಾಡಲೇಬೇಕು. ಯಂತ್ರದ ಪುಸ್ತಕದಲ್ಲಿ ಸ್ಪ್ರಿಂಗಿನ ಉದ್ದವನ್ನೋ ನಟ್ಟಿನ ಸುತ್ತನ್ನೋ ಕೊಟ್ಟಿದ್ದರೆ ಅದೇ ಪ್ರಮಾಣ. ಹೊಸ ಜೋಡಣೆಯಲ್ಲಿ ಫಿಟರುಗಳು ಹೀಗೆ ಮಾಡುತ್ತಾರೆ: ಸಡಿಲದಿಂದ ಪ್ರಾರಂಭಿಸಿ, ಯಂತ್ರ ಹೊರಡುವಾಗಲೂ ತುಂಬಿದ ಭಾರವನ್ನು ಎಳೆಯುವಾಗಲೂ ಜಾರದಷ್ಟಕ್ಕೆ ಸ್ವಲ್ಪ ಸ್ವಲ್ಪವಾಗಿ ಬಿಗಿದು, ಅಲ್ಲಿಂದ ಚೂರೇ ಮುಂದೆ ಹೋಗಿ ನಿಲ್ಲಿಸುತ್ತಾರೆ. ಪ್ರತಿಸಲವೂ ಯಂತ್ರವನ್ನು ನಿಲ್ಲಿಸಿಯೇ ಪಾನಾ ಹಾಕುವುದು. ಹಲವು ಸ್ಪ್ರಿಂಗುಗಳಿದ್ದರೆ ಎಲ್ಲವುಗಳ ಉದ್ದ ಒಂದೇ ಆಗಿರಬೇಕು. ಒಂದು ಹೆಚ್ಚು, ಒಂದು ಕಡಿಮೆಯಾದರೆ ತಟ್ಟೆ ಓರೆಯಾಗಿ ಒಂದೇ ಕಡೆ ಸವೆಯುತ್ತದೆ. ಕೊನೆಗೆ ನಟ್ಟಿನ ಮೇಲೆ ಬಣ್ಣದ ಗೆರೆಯೆಳೆದು, ಎಷ್ಟು ಸುತ್ತು ತಿರುಗಿಸಿದೆವೆಂಬುದನ್ನು ದಿನಾಂಕದೊಡನೆ ಬರೆದಿಡಬೇಕು. ನಮ್ಮ ಹುಡುಗನ ಕ್ಲಚ್ಚಿನಲ್ಲಿ ಸ್ಪ್ರಿಂಗು ವಾಶರುಗಳು ಪೂರ್ತಿ ಚಪ್ಪಟೆಯಾಗಿದ್ದವು. ಹಾಗಾದ ಮೇಲೆ ಅದು ಕ್ಲಚ್ಚಾಗಿ ಉಳಿಯಲಿಲ್ಲ, ಬರಿಯ ಕಬ್ಬಿಣದ ಗಂಟಾಯಿತು.

ಜಾರಿದ ಕ್ಲಚ್ಚನ್ನು ಮತ್ತೆ ಕೂಡಿಸುವಾಗ ಪಾನಾಕ್ಕಿಂತ ಮೊದಲು ಬೀಗ ಬೇಕು. ಸ್ವಿಚ್ಚನ್ನು ಆರಿಸಿ, ಬೀಗ ಹಾಕಿ, ಕೀಲಿಕೈಯನ್ನು ಕೆಲಸ ಮಾಡುವವನೇ ತನ್ನ ಕಿಸೆಯಲ್ಲಿಟ್ಟುಕೊಳ್ಳಬೇಕು. 'ಮನುಷ್ಯ ಒಳಗಿದ್ದಾನೆ' ಎಂಬ ಫಲಕ ತೂಗುಹಾಕಬೇಕು. ಆ ಮೇಲೆ ಕಾರಣವನ್ನು ಹುಡುಕುವುದು. ಇಲ್ಲಿ ಒಂದು ಅಪಾಯವನ್ನು ಒತ್ತಿ ಹೇಳುತ್ತೇವೆ. ಸಿಕ್ಕಿಕೊಂಡ ಸರಪಳಿ ಅಥವಾ ಬೆಲ್ಟು ಎಳೆದ ಬಿಲ್ಲಿನಂತೆ ಬಿಗಿದು ನಿಂತಿರುತ್ತದೆ. ಮೋಟಾರಿಗೆ ವಿದ್ಯುತ್ತಿಲ್ಲದಿದ್ದರೂ, ಅಡ್ಡವಾದ ಗೋಣಿಯ ತುಂಡನ್ನು ಎಳೆದೊಡನೆ ಯಂತ್ರ ಒಮ್ಮೆಲೆ ಚಿಮ್ಮಬಹುದು. ಮೇಲೇರುತ್ತಿದ್ದ ತುಂಬಿದ ಬುಟ್ಟಿಗಳು ಹಿಂದಕ್ಕೆ ಇಳಿಯಬಹುದು. ಆದ್ದರಿಂದ ಮೊದಲು ಅದು ಕದಲದಂತೆ ಆಧಾರ ಕೊಡಬೇಕು, ಕೈಯ ಬದಲು ಕೊಕ್ಕೆಯನ್ನು ಬಳಸಬೇಕು. ಕಾರಣ ನಿವಾರಣೆಯಾದ ಮೇಲೆ ಯಂತ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿ, ಗುಂಡಿನ ಕ್ಲಚ್ಚಾದರೆ 'ಟಕ್' ಎಂದು ಕುಳಿತದ್ದನ್ನು ಕಿವಿಯಿಂದ ಕೇಳಿ, ಮೊದಲು ಬರಿದಾಗಿ ಓಡಿಸಿ, ಆಮೇಲೆ ಕಾಳು ಬಿಡಬೇಕು.

ಇನ್ನು ಪಾಲಕರೂ ಮಕ್ಕಳೂ ಕೂಡಿ ಕೇಳಬೇಕಾದ ಒಂದು ಲೆಕ್ಕವಿದೆ. 'ಸೇಫ್ಟಿ ಕ್ಲಚ್ಚು ಇದೆ, ಕೈ ಸಿಕ್ಕಿದರೆ ತಾನೇ ನಿಲ್ಲುತ್ತದೆ' ಎಂದು ನಂಬಿದವರನ್ನು ನಾವು ಕಂಡಿದ್ದೇವೆ. 5 ಅಶ್ವಶಕ್ತಿಯ ಮೋಟಾರನ್ನು ತೆಗೆದುಕೊಳ್ಳೋಣ. ಒಂದು ಅಶ್ವಶಕ್ತಿಯೆಂದರೆ ಸೆಕೆಂಡಿಗೆ 75 ಕಿಲೋಗ್ರಾಂ ಭಾರವನ್ನು ಒಂದು ಮೀಟರು ಎತ್ತುವ ಕೆಲಸ, ಐದಕ್ಕೆ 375. ಯಂತ್ರದ ಚಕ್ರ ಅರ್ಧ ಮೀಟರು ವ್ಯಾಸದ್ದು, ನಿಮಿಷಕ್ಕೆ 60 ಸುತ್ತು, ಅಂದರೆ ಸೆಕೆಂಡಿಗೆ ಒಂದು. ಆ ಒಂದು ಸುತ್ತಿನಲ್ಲಿ ಅಂಚು 1.57 ಮೀಟರು ಸಾಗುತ್ತದೆ. 375ನ್ನು 1.57ರಿಂದ ಭಾಗಿಸಿರಿ: 239 ಬರುತ್ತದೆ. ಗಿಯರುಗಳಲ್ಲಿ ವ್ಯಯವಾಗುವುದನ್ನು ಕಳೆದರೂ ಆ ಅಂಚು 200 ಕಿಲೋಗ್ರಾಮಿಗೆ ಮೇಲ್ಪಟ್ಟು ಎಳೆಯುತ್ತಿದೆ, ಎರಡು ಜೋಳದ ಚೀಲಗಳ ಭಾರ. ಈ ಕೆಲಸಕ್ಕೆ ಕ್ಲಚ್ಚನ್ನು ಕೂಡಿಸಿದವರು ಅದಕ್ಕಿಂತ ಕಡಿಮೆಗೆ ಜಾರುವಂತೆ ಕೂಡಿಸಿರಲಾರರು. ಬೆರಳೊಂದು ಅಡ್ಡ ಬಂದರೆ ಕ್ಲಚ್ಚಿಗೆ ಅದರ ಸುಳಿವೂ ಹತ್ತುವುದಿಲ್ಲ. ಕ್ಲಚ್ಚು ಇರುವುದು ಕಬ್ಬಿಣದ ರಕ್ಷಣೆಗೆ. ಮನುಷ್ಯನ ರಕ್ಷಣೆಗೆ ಇರುವುದು ಮುಚ್ಚಳ, ಜಾಳಿಗೆ, ಬೀಗ.

ರೈತ ಬಂಧುಗಳ ರೋಟಾವೇಟರಿನಲ್ಲಿಯೂ ಹಲವೆಡೆ ಈ ಘರ್ಷಣೆಯ ಕ್ಲಚ್ಚೇ ಇದೆ. ಕಲ್ಲು ತಗುಲಿದರೆ ಜಾರಿ ಗಿಯರು ಪೆಟ್ಟಿಗೆಯನ್ನು ಉಳಿಸುವುದಕ್ಕೆ. ಆದರೆ ಮಳೆಗಾಲದಲ್ಲಿ ಬಯಲಲ್ಲಿ ನಿಲ್ಲಿಸಿದ ರೋಟಾವೇಟರಿನ ತಟ್ಟೆಗಳು ತುಕ್ಕಿನಿಂದ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೊರಗೆ ನೋಡಿದರೆ ಕ್ಲಚ್ಚು ಇದ್ದೇ ಇದೆ, ಒಳಗೆ ಇಲ್ಲ. ಹಂಗಾಮಿನ ಮೊದಲ ದಿನವೇ ಗಿಯರು ಮುರಿಯುವುದುಂಟು. ಉಪಾಯ ಕಠಿಣವಲ್ಲ. ಟ್ರ್ಯಾಕ್ಟರು ನಿಲ್ಲಿಸಿ, ಕೀಲಿಕೈ ತೆಗೆದು, ಸ್ಪ್ರಿಂಗುಗಳ ಉದ್ದವನ್ನು ಅಳೆದು ಬರೆದುಕೊಳ್ಳಬೇಕು. ಪ್ರತಿ ನಟ್ಟನ್ನೂ ಸಮನಾಗಿ ಎರಡು ಸುತ್ತು ಸಡಿಲಿಸಿ, ತಟ್ಟೆಗಳ ಅಂಚಿನ ಮೇಲೆ ಅಡ್ಡವಾಗಿ ಒಂದು ಗೆರೆ ಎಳೆಯಬೇಕು. ಮುಚ್ಚಳವನ್ನು ಮತ್ತೆ ಹಾಕಿ, ಎಲ್ಲರನ್ನೂ ದೂರ ನಿಲ್ಲಿಸಿ, ಪೀಟೀಓವನ್ನು ಎರಡು ಮೂರು ಸೆಕೆಂಡು ಮಾತ್ರ ಹಾಕಿ ತೆಗೆಯಬೇಕು. ನಿಲ್ಲಿಸಿ ನೋಡಿದಾಗ ಗೆರೆ ಮುರಿದು ಆಚೀಚೆ ಸರಿದಿದ್ದರೆ ತಟ್ಟೆ ಬಿಟ್ಟಿತೆಂದು ತಿಳಿಯಬೇಕು. ಬರೆದುಕೊಂಡ ಉದ್ದಕ್ಕೆ ಮತ್ತೆ ಬಿಗಿಯಬೇಕು. ಗೆರೆ ಹಾಗೆಯೇ ಇದ್ದರೆ ತಟ್ಟೆಗಳನ್ನು ಬಿಚ್ಚಿ ಶುದ್ಧಮಾಡಿಸಬೇಕು. ಪೀಟೀಓ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಸೆಕೆಂಡಿಗೆ ಒಂಬತ್ತು. ಹೆಗಲ ಮೇಲಿನ ಟವಲಿನ ತುದಿಯೋ ಸೀರೆಯ ಸೆರಗೋ ತಗುಲಿದರೆ 'ಅಯ್ಯೋ' ಎನ್ನುವಷ್ಟು ಕಾಲವೂ ಇರುವುದಿಲ್ಲ.

ಆ ಹುಡುಗನ ಪ್ರಶ್ನೆಗೆ ನಾವು ಕೊಟ್ಟ ಉತ್ತರವನ್ನು ಇಲ್ಲಿ ಹೇಳಬೇಕು. ತಪ್ಪು ಅವನಲ್ಲಿ ಇತ್ತು. ಕಾರಣ ನೋಡದೆ ಪಾನಾ ಹಾಕಿದನು. ಆದರೆ ಅವನೊಬ್ಬನದಲ್ಲ. ಯಂತ್ರದ ಪುಸ್ತಕ ಇಂಗ್ಲಿಷಿನಲ್ಲಿತ್ತು, ಕಚೇರಿಯ ಕಪಾಟಿನಲ್ಲಿ ಬೀಗದೊಳಗಿತ್ತು. ಘರ್ಷಣೆಯ ಪಾಠವನ್ನು ಅವನು ನಮ್ಮ ಶಾಲೆಯಲ್ಲಿಯೇ ಕಲಿತಿದ್ದನು, ಅಂಕಗಳನ್ನೂ ಪಡೆದಿದ್ದನು. ಆದರೆ ಇಳಿಜಾರು ಹಲಗೆಯ ಮೇಲೆ ಜಾರುವ ಮರದ ತುಂಡಿನ ಲೆಕ್ಕವನ್ನಲ್ಲದೆ ನಾವು ಬೇರೇನನ್ನೂ ತೋರಿಸಿರಲಿಲ್ಲ. ಸರಪಳಿಯ ಬೆಲೆಯನ್ನು ಅವನ ಸಂಬಳದಲ್ಲಿ ಮೂರು ಕಂತುಗಳಾಗಿ ಕಡಿದುಕೊಂಡರು. ಬಿಗಿ ಮಾಡೆಂದವರ ಸಂಬಳದಲ್ಲಿ ಏನನ್ನೂ ಕಡಿಯಲಿಲ್ಲ. ಈಗ ಅವನು ಬೇರೆ ಕಡೆ ಇದ್ದಾನೆ. ಮೇಲಿನವರು ಬಿಗಿ ಮಾಡೆಂದರೆ ಮೊದಲು ತಳದ ಬಾಗಿಲು ತೆಗೆದು ತೋರಿಸುತ್ತಾನಂತೆ.

ವಿಜ್ಞಾನದ ಕೋಣೆಯಲ್ಲಿ ಈ ವರ್ಷ ಒಂದು ಹಳೆಯ ರೋಟಾವೇಟರಿನ ಕ್ಲಚ್ಚನ್ನು ಮೇಜಿನ ಮೇಲೆ ಕೂಡಿಸಿ ಇಟ್ಟಿದ್ದೇವೆ. ಪಾಲಕರೊಬ್ಬರು ಉಚಿತವಾಗಿ ಕೊಟ್ಟದ್ದು. ಒಂಬತ್ತು, ಹತ್ತನೆಯ ಇಯತ್ತೆಯ ಹುಡುಗರೂ ಹುಡುಗಿಯರೂ ಶನಿವಾರ ಅದನ್ನು ಬಿಚ್ಚಿ, ಸ್ಪ್ರಿಂಗು ಅಳೆದು, ಗೆರೆಯೆಳೆದು ಮತ್ತೆ ಕೂಡಿಸುತ್ತಾರೆ. ತಟ್ಟೆ, ಗೆರೆ, ಸುತ್ತು, ಅಳತೆ ಎಂದು ಎಲ್ಲವನ್ನೂ ಕನ್ನಡದಲ್ಲಿಯೇ ವಹಿಯಲ್ಲಿ ಬರೆಯುತ್ತಾರೆ. ರೋಟಾವೇಟರು ಇದ್ದ ಪಾಲಕರು ಬಂದು ಮಕ್ಕಳ ಜೊತೆ ನಿಂತು ನೋಡಬಹುದು. ಬರುವಾಗ 19ರ ಪಾನಾ ಒಂದನ್ನು ಮನೆಯಿಂದ ತನ್ನಿರಿ; ಶಾಲೆಯಲ್ಲಿ ಒಂದೇ ಇದೆ.