ರದ್ದು ಮಾಡೋ ಬಟನ್ ಎಲ್ಲಿದೆ?

ಇವತ್ತು ನಾನು ಮಾತಾಡೋದು ಸಣ್ಣ ದುಡ್ಡಿನ ಬಗ್ಗೆ. 99 ರೂಪಾಯಿ, 149, 299. ತಿಂಗಳಿಗೊಮ್ಮೆ ನಮ್ಮ ಖಾತೆಯಿಂದ ತಾನಾಗೇ ಹೋಗುವ ದುಡ್ಡು. ಇದಕ್ಕೋಸ್ಕರ ಯಾರೂ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಲ್ಲ. ಆದರೆ ತಿಂಗಳಿಗೆ 299 ಅಂದ್ರೆ ವರ್ಷಕ್ಕೆ 3,588. ಪೆನ್ಷನ್ ಮೇಲೆ ಬದುಕುವವರಿಗೆ ಅದು ಸಣ್ಣದಲ್ಲ.

ಪುಣೆಯಲ್ಲಿ ನಮ್ಮ ಸೊಸೈಟಿಯಲ್ಲಿ ವಿಜಯಪುರ ಕಡೆಯ ಕಾಕಾ ಒಬ್ಬರಿದ್ದಾರೆ, ರಿಟೈರ್ ಆದವರು. ಒಂದು ಭಾನುವಾರ ಪಾಸ್‌ಬುಕ್ ಹಿಡಿದುಕೊಂಡು ಬಂದರು. "ತಮ್ಮಾ, ಈ ಕಂಪನಿ ಯಾವ್ದು ನೋಡು, ನಾಕ್ ತಿಂಗಳಿಂದ ರೊಕ್ಕ ಕಟ್ ಆಗಾಕತ್ತೈತಿ" ಅಂದರು. ನಾನು ಕೇಳಿದೆ, "ಕಾಕಾ, ಇದನ್ನ ಯಾವಾಗ ಚಾಲೂ ಮಾಡಿದ್ರಿ?" "ನಾ ಏನೂ ಚಾಲೂ ಮಾಡಿಲ್ಲೋ. ಒಂದು ರೂಪಾಯಿಗೆ ಏಳು ದಿನ ಭಜನಿ ಕೇಳ್ರಿ ಅಂತ ಬಂತು. ಒಂದು ರೂಪಾಯಿ ಅಲ್ಲೇನು, ಪಿನ್ ಹಾಕಿದೆ. ಸೇರಲಿಲ್ಲ, ಆ್ಯಪ್ ತೆಗೆದೇ ಹಾಕೇನಿ."

ಕಾಕಾ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಆದರೆ ಅವರು ಹಾಕಿದ ಪಿನ್ ಒಂದು ರೂಪಾಯಿಗೆ ಮಾತ್ರ ಅಲ್ಲ. ಅದು ಮ್ಯಾಂಡೇಟ್‌ಗೆ, ಅಂದ್ರೆ ಇನ್ನು ಮುಂದೆ ಪ್ರತಿ ತಿಂಗಳೂ ನನ್ನ ಖಾತೆಯಿಂದ ಇಷ್ಟರವರೆಗೆ ತೆಗೆದುಕೊಳ್ಳಿ ಅನ್ನುವ ಅಪ್ಪಣೆಗೆ. 1 ರೂಪಾಯಿ ಅನ್ನೋದು ಹೆಬ್ಬೆರಳಿನಷ್ಟು ದಪ್ಪ ಅಕ್ಷರದಲ್ಲಿ, 299 ಅನ್ನೋದು ಇರುವೆ ಗಾತ್ರದಲ್ಲಿ. ಇನ್ನು ಆ್ಯಪ್ ಡಿಲೀಟ್ ಮಾಡಿದ ವಿಚಾರ. ಹಾಲಿನವನ ಲೆಕ್ಕದ ಚೀಟಿ ಹರಿದು ಹಾಕಿದರೆ ಹಾಲು ಬರೋದು ನಿಲ್ಲಲ್ಲ, ಹಾಲಿನವನಿಗೇ ಹೇಳಬೇಕು. ಮ್ಯಾಂಡೇಟ್ ಇರೋದು ಫೋನಿನಲ್ಲಲ್ಲ, ಬ್ಯಾಂಕಿನಲ್ಲಿ.

ಇಂಥ ತೆರೆಗಳನ್ನು ಮಾಡುವವರು ಯಾರು ಅಂತ ನೀವು ಕೇಳಬಹುದು. ನಮ್ಮಂಥವರೇ. ನಾನು ಸಾಫ್ಟ್‌ವೇರ್‌ನಲ್ಲಿ ಇರೋನು, ಹಾಗಾಗಿ ಇದು ಹೇಗೆ ನಡೆಯುತ್ತೆ ಅಂತ ಸ್ವಲ್ಪ ಹೇಳ್ತೀನಿ. ಯಾವನೋ ಕೆಟ್ಟವನು ಮೂಲೆಯಲ್ಲಿ ಕೂತು ಕಾಕಾನ ದುಡ್ಡು ಹೊಡೆಯೋಣ ಅಂತ ಮೀಸೆ ತಿರುವುತ್ತಾನೆ ಅಂತ ಅಂದ್ಕೋಬೇಡಿ. ಅಲ್ಲಿ ನಡೆಯೋದು ಎ/ಬಿ ಟೆಸ್ಟ್. ಅರ್ಧ ಗ್ರಾಹಕರಿಗೆ ರದ್ದು ಮಾಡುವ ಬಟನ್ ಎದುರಿಗೇ ತೋರಿಸ್ತಾರೆ. ಇನ್ನರ್ಧ ಜನಕ್ಕೆ ಸೆಟ್ಟಿಂಗ್ಸ್ ಒಳಗೆ, ಅದರೊಳಗೆ ಅಕೌಂಟ್, ಅದರೊಳಗೆ ಪ್ಲಾನ್, ಕೆಳಗೆ ಬೂದು ಬಣ್ಣದ ಒಂದು ಸಾಲು. ಎರಡು ವಾರ ಬಿಟ್ಟು ನೋಡ್ತಾರೆ. ಯಾವ ತೆರೆಯಲ್ಲಿ ಬಿಟ್ಟುಹೋದವರು ಕಡಿಮೆಯೋ ಅದು ಗೆದ್ದಿತು. ಎಷ್ಟು ಜನ ಉಳಿದರು ಅನ್ನೋದು ಡ್ಯಾಶ್‌ಬೋರ್ಡ್‌ನಲ್ಲಿ ಇರುತ್ತೆ. ಹೋಗಬೇಕು ಅಂತ ಇದ್ದು ದಾರಿ ಸಿಗದೆ ಉಳಿದವರು ಎಷ್ಟು ಅನ್ನೋದು ಇರಲ್ಲ. ಸಂಜೆ ಮೀಟಿಂಗ್‌ನಲ್ಲಿ ಎಲ್ಲರೂ ಚಪ್ಪಾಳೆ ತಟ್ತಾರೆ, ಯಾರ ಮನಸ್ಸಿಗೂ ಕಳ್ಳತನ ಮಾಡಿದ ಹಾಗೆ ಅನ್ಸಲ್ಲ. ನನ್ನ ಪ್ರಕಾರ ಇದೇ ಇದರಲ್ಲಿ ಅತಿ ಅಪಾಯದ ಭಾಗ.

ಅಮೆರಿಕದ ಒಂದು ಕೇಸ್ ನೋಡಿ. 2023ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಅಮೆಜಾನ್ ಪ್ರೈಮ್ ವಿಷಯಕ್ಕೆ ಕೋರ್ಟಿಗೆ ಹೋಯಿತು. ಪ್ರೈಮ್ ಬಿಡಬೇಕಾದರೆ 4 ಪುಟ, 6 ಕ್ಲಿಕ್, 15 ಆಯ್ಕೆ ದಾಟಬೇಕು ಅನ್ನೋದು ದೂರು. ಆ ದಾರಿಗೆ ಕಂಪನಿಯ ಒಳಗೆ ಇಟ್ಟಿದ್ದ ಹೆಸರು ಇಲಿಯಡ್ ಅಂತಲೂ ದೂರಿನಲ್ಲಿತ್ತು. ಮುಗಿಯದ ಯುದ್ಧದ ಮಹಾಕಾವ್ಯ! ಹೆಸರಿಟ್ಟವನು ಓದಿಕೊಂಡವನೇ ಇರಬೇಕು. 2025ರ ಸೆಪ್ಟೆಂಬರ್‌ನಲ್ಲಿ 250 ಕೋಟಿ ಡಾಲರ್‌ಗೆ ರಾಜಿಯಾಯಿತು, ಅದರಲ್ಲಿ 150 ಕೋಟಿ ಗ್ರಾಹಕರಿಗೆ ವಾಪಸ್.

ನಮ್ಮಲ್ಲಿ ಕಾನೂನು ಇಲ್ವಾ? ಇದೆ. ಹೀಗೆ ದಾರಿ ತಪ್ಪಿಸುವ ವಿನ್ಯಾಸಗಳಿಗೆ ಡಾರ್ಕ್ ಪ್ಯಾಟರ್ನ್ ಅಂತಾರೆ, 2010ರಲ್ಲಿ ಹ್ಯಾರಿ ಬ್ರಿಗ್ನಲ್ ಅನ್ನುವ ಬ್ರಿಟಿಷ್ ಡಿಸೈನರ್ ಕೊಟ್ಟ ಹೆಸರು. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇದರ ಬಗ್ಗೆ ಮಾರ್ಗಸೂಚಿ ಹೊರಡಿಸಿತು. 13 ಬಗೆಗಳನ್ನು ಹೆಸರು ಹಿಡಿದು ಬರೆದಿದ್ದಾರೆ. ಕೇಳದೇ ಬುಟ್ಟಿಗೆ ಸಾಮಾನು ಸೇರಿಸೋದು, ಎರಡೇ ರೂಮ್ ಉಳಿದಿದೆ ಅಂತ ಸುಳ್ಳು ಅವಸರ ಹುಟ್ಟಿಸೋದು, ವಿಮಾನದ ಟಿಕೆಟ್ ಜೊತೆ ಇನ್ಶೂರೆನ್ಸ್ ಬೇಡ ಅಂದರೆ ನಾಚಿಕೆಯಾಗುವಂಥ ಮಾತು ತೋರಿಸೋದು, ಕಾಕಾ ಸಿಕ್ಕಿಬಿದ್ದ ಚಂದಾ ಬಲೆ, ಎಲ್ಲ ಇದೆ. ಓದಿದರೆ ನಿಜಕ್ಕೂ ಖುಷಿಯಾಗುತ್ತೆ, ಬರೆದವರು ಫೋನ್ ಬಳಸಿ ನೋಡಿದ್ದಾರೆ. ಆಮೇಲೆ 2025ರ ಜೂನ್‌ನಲ್ಲಿ ಇ-ಕಾಮರ್ಸ್ ಕಂಪನಿಗಳಿಗೆ ಹೇಳಿದರು, 3 ತಿಂಗಳೊಳಗೆ ನಿಮ್ಮನ್ನು ನೀವೇ ಆಡಿಟ್ ಮಾಡಿಕೊಳ್ಳಿ ಅಂತ. ಅದೇ ನವೆಂಬರ್ ಹೊತ್ತಿಗೆ 26 ಕಂಪನಿಗಳು ನಮ್ಮಲ್ಲಿ ಡಾರ್ಕ್ ಪ್ಯಾಟರ್ನ್ ಇಲ್ಲ ಅಂತ ತಾವೇ ಪತ್ರ ಕೊಟ್ಟವು. ಪರೀಕ್ಷೆ ಬರೆದವನೇ ಪೇಪರ್ ತಿದ್ದಿ ಮಾರ್ಕ್ಸ್ ಹಾಕಿಕೊಂಡ ಹಾಗೆ.

ಈಗ ಇನ್ನೊಂದು ನಿಯಮ ಇಡ್ತೀನಿ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ಆಟೋ ಡೆಬಿಟ್‌ಗೆ ಹೊಸ ಪದ್ಧತಿ ತಂದಿತು. ದುಡ್ಡು ಕಟ್ ಆಗುವ ಕನಿಷ್ಠ 24 ಗಂಟೆ ಮೊದಲು ಗ್ರಾಹಕನಿಗೆ ತಿಳಿಸಬೇಕು, ಬೇಡ ಅನ್ನಲಿಕ್ಕೆ ದಾರಿ ಇರಬೇಕು. 5,000 ದಾಟಿದರೆ ಪ್ರತಿ ಸಲ ಓಟಿಪಿ ಥರದ ಇನ್ನೊಂದು ಖಾತ್ರಿ ಬೇಕು. 2022ರಲ್ಲಿ ಆ ಮಿತಿಯನ್ನು 15,000ಕ್ಕೆ ಏರಿಸಿದರು. ಆ ಅಕ್ಟೋಬರ್ ನಿಮಗೆ ನೆನಪಿರಬಹುದು. ಎಷ್ಟೋ ಜನರ ಚಂದಾಗಳು ಕಡಿದುಹೋದವು, ಬ್ಯಾಂಕುಗಳು ತಯಾರಿರಲಿಲ್ಲ, ನಮ್ಮ ವೃತ್ತಿಯವರೆಲ್ಲ ಬೈದಿದ್ದೇ ಬೈದಿದ್ದು. ಸಣ್ಣ ಪತ್ರಿಕೆಗಳಿಗೆ, ತಿಂಗಳಿಗಿಷ್ಟು ಅಂತ ದಾನ ಪಡೆಯುವ ಸಂಸ್ಥೆಗಳಿಗೆ ಪೆಟ್ಟು ಬಿದ್ದದ್ದೂ ಹೌದು. ಅದನ್ನ ನಾನು ಇಲ್ಲ ಅನ್ನಲ್ಲ.

ಆದರೂ ಎರಡರಲ್ಲಿ ನನಗೆ ರಿಸರ್ವ್ ಬ್ಯಾಂಕಿನದೇ ಗಟ್ಟಿ ಅನ್ಸುತ್ತೆ. ಯಾಕೆ ಅಂದ್ರೆ ಅದು ಬಟನ್ ಬಗ್ಗೆ ಮಾತಾಡಲ್ಲ, ಪೈಪಿನ ಬಗ್ಗೆ ಮಾತಾಡುತ್ತೆ. ಬಟನ್ ಇರೋದು ಸಾವಿರಾರು ಆ್ಯಪ್‌ಗಳಲ್ಲಿ, ಪ್ರತಿ ವಾರ ಬದಲಾಗುತ್ತೆ, ನಿಮಗೊಂದು ತೋರಿಸಿ ನನಗೊಂದು ತೋರಿಸಬಹುದು. ಇನ್‌ಸ್ಪೆಕ್ಟರ್ ಬಂದಾಗ ಮೂರನೆಯದೇ ತೋರಿಸಬಹುದು. ದುಡ್ಡು ಮಾತ್ರ ಬ್ಯಾಂಕಿನ ದಾರಿಯಲ್ಲೇ ಬರಬೇಕು. ಅಲ್ಲಿ ಗೇಟ್ ಇಟ್ಟರೆ ಆ್ಯಪ್ ಮಾಡುವವನು ಎಷ್ಟೇ ಜಾಣನಾದರೂ ಸುತ್ತಿಬಳಸಿ ಹೋಗೋದು ಕಷ್ಟ. ಮಾರ್ಗಸೂಚಿ ಬೇಡ ಅಂತಿಲ್ಲ, ಹೆಸರಿಟ್ಟಿದ್ದೇ ದೊಡ್ಡದು. ಬರೀ ಅದನ್ನೇ ನಂಬಿಕೊಂಡು ಕೂತರೆ ಸಾಲದು ಅಷ್ಟೇ.

ಹಾಗಾದ್ರೆ ಕಾಕಾಗೆ ಆ 24 ಗಂಟೆ ಮೊದಲಿನ ಮೆಸೇಜ್ ಬರಲಿಲ್ವಾ? ಬಂದಿತ್ತು. ನಾನೇ ಅವರ ಫೋನಿನಲ್ಲಿ ಹುಡುಕಿದೆ, ಕಡೇ ತಿಂಗಳದ್ದು ಸಿಕ್ಕಿತು. ಪೂರ್ತಿ ಇಂಗ್ಲಿಷಿನಲ್ಲಿ. ಆ್ಯಪ್ ಹೆಸರಿಲ್ಲ, ಅದರ ಹಿಂದಿರುವ ಪ್ರೈವೇಟ್ ಲಿಮಿಟೆಡ್ ಕಂಪನಿಯ ಹೆಸರು. ಪಾಸ್‌ಬುಕ್‌ನಲ್ಲಿ ಇದ್ದದ್ದೂ ಅದೇ. ಜೊತೆಗೊಂದು ಲಿಂಕ್. ಉಳಿದ ಮೂರು ತಿಂಗಳದ್ದನ್ನ ಏನು ಮಾಡಿದ್ರಿ ಅಂತ ಕೇಳಿದರೆ, "ಲಿಂಕ್ ಇದ್ದ ಮೆಸೇಜ್ ಮುಟ್ಟಬ್ಯಾಡ್ರಿ ಅಂತ ನೀವೇ ಹುಡುಗ್ರು ಹೇಳೀರಲ್ಲ, ಡಿಲೀಟ್ ಮಾಡೇನಿ" ಅಂದರು. ಇದಕ್ಕೇನು ಉತ್ತರ ಕೊಡೋದು ಹೇಳಿ. ನಾವು ಕಲಿಸಿದ ಎಚ್ಚರಿಕೆಯನ್ನೇ ಅವರು ಪಾಲಿಸಿದ್ದಾರೆ. ನಿಯಮದ ಅಕ್ಷರ ಪಾಲನೆ ಆಗಿದೆ, ಕಾಕಾನ ದುಡ್ಡೂ ಹೋಗಿದೆ.

ಇಲ್ಲೇ ಕೆಲಸ ಆಗಬೇಕಿರೋದು, ಮತ್ತೆ ಇದು ದೊಡ್ಡ ತಂತ್ರಜ್ಞಾನವೇ ಅಲ್ಲ. ಮೆಸೇಜಿನಲ್ಲಿ ಗ್ರಾಹಕ ತನ್ನ ಫೋನಿನಲ್ಲಿ ನೋಡಿದ ಆ್ಯಪ್ ಹೆಸರೇ ಇರಲಿ. ಖಾತೆ ತೆರೆಯುವಾಗಲೇ ಭಾಷೆ ಯಾವುದು ಅಂತ ಕೇಳಿಕೊಂಡು ಆ ಭಾಷೆಯಲ್ಲಿ ಕಳಿಸಲಿ. ಪುಣೆಯಲ್ಲಿ ಇರೋರಿಗೆ ಕನ್ನಡದಲ್ಲಿ ಯಾಕೆ ಅನ್ನುವ ಪ್ರಶ್ನೆ ಕೌಂಟರ್‌ನಲ್ಲಿ ಇರಬಹುದು, ಸರ್ವರ್‌ಗೆ ಇಲ್ಲ, ಅದಕ್ಕೆ ಎಲ್ಲ ಭಾಷೆಯೂ ಒಂದೇ. ಲಿಂಕ್ ಬದಲು ಬೇಡ ಅನ್ನಲಿಕ್ಕೆ ಒಂದು ಅಂಕಿ ಕಳಿಸಿದರೆ ಸಾಕು ಅನ್ನುವ ಹಾಗೆ ಮಾಡಬಹುದು. ಪಿನ್ ಕೇಳುವ ತೆರೆಯಲ್ಲಿ 1 ರೂಪಾಯಿ ಎಷ್ಟು ದಪ್ಪವೋ ಮುಂದಿನ ತಿಂಗಳ 299 ಅಷ್ಟೇ ದಪ್ಪ ಇರಲಿ. ಬಟನ್ ಬಗ್ಗೆಯೇ ಕಾನೂನು ಮಾಡ್ತೀವಿ ಅಂದ್ರೂ ಜರ್ಮನಿಯ ಥರ ಮಾಡಿ. ಅಲ್ಲಿ 2022ರ ಜುಲೈ 1ರಿಂದ, ವೆಬ್‌ಸೈಟಿನಲ್ಲಿ ಚಂದಾ ಮಾರುವವರು ಅದೇ ವೆಬ್‌ಸೈಟಿನಲ್ಲಿ ರದ್ದು ಮಾಡುವ ಬಟನ್ ಕಣ್ಣಿಗೆ ಕಾಣುವ ಹಾಗೆ ಇಡಲೇಬೇಕು. ದಾರಿ ತಪ್ಪಿಸಬೇಡಿ ಅನ್ನುವುದಕ್ಕೂ ಈ ಬಟನ್ ಇಡಿ ಅನ್ನುವುದಕ್ಕೂ ವ್ಯತ್ಯಾಸ ಇದೆ. ಮೊದಲನೆಯದನ್ನು ವಕೀಲರು ಹತ್ತು ವರ್ಷ ವಾದ ಮಾಡಬಹುದು, ಎರಡನೆಯದನ್ನು ಯಾರು ಬೇಕಾದರೂ ನೋಡಿ ಇದೆ ಇಲ್ಲ ಹೇಳಬಹುದು.

ಅಲ್ಲಿಯವರೆಗೆ ನೀವು ಮಾಡಬಹುದಾದ್ದು ಹೇಳಿಬಿಡ್ತೀನಿ. ನಿಮ್ಮ ಯುಪಿಐ ಆ್ಯಪ್ ತೆರೆದು ಪ್ರೊಫೈಲ್‌ಗೆ ಹೋಗಿ, ಆಟೋಪೇ ಅಂತ ಇರುತ್ತೆ. ಈಗಲೇ ನೋಡಿ, ಗ್ಯಾರಂಟಿ ಒಂದೆರಡು ಗುರುತಿಲ್ಲದ ಹೆಸರು ಸಿಗುತ್ತೆ. ಅಲ್ಲೇ ರದ್ದು ಮಾಡಬಹುದು, ಆ್ಯಪ್ ಕಂಪನಿಯ ಅನುಮತಿ ಕೇಳಬೇಕಿಲ್ಲ. ಕಾರ್ಡ್ ಮೇಲೆ ಕೊಟ್ಟಿದ್ದರೆ ನಿಮ್ಮ ಬ್ಯಾಂಕಿನಲ್ಲಿ ಕೇಳಿ. ಹೋದ ದುಡ್ಡಿಗೆ, ಮೋಸದ ತೆರೆಗೆ ದೂರು ಕೊಡಬೇಕು ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಕನ್ನಡದಲ್ಲಿ ಮಾತಾಡಬಹುದು. ತೆರೆಯ ಸ್ಕ್ರೀನ್‌ಶಾಟ್ ಇದ್ದರೆ ಇಟ್ಟುಕೊಂಡಿರಿ, ಮುಂದಿನ ವಾರ ಆ ತೆರೆ ಬೇರೆ ಇರುತ್ತೆ.

ಕಾಕಾನ ಮ್ಯಾಂಡೇಟ್ ಅವತ್ತೇ ತೆಗೆದೆವು, ಒಂದು ನಿಮಿಷವೂ ಹಿಡಿಯಲಿಲ್ಲ. ಹೋದ 1,196 ರೂಪಾಯಿಗೆ ದೂರು ಕೊಟ್ಟಿದ್ದಾರೆ, ಇನ್ನೂ ಬಂದಿಲ್ಲ. ಊರಿಗೆ ಹೋದಾಗ ನಿಮ್ಮ ಅಪ್ಪ ಅಮ್ಮನ ಫೋನ್‌ನಲ್ಲೂ ಆ ಆಟೋಪೇ ಪುಟ ಒಮ್ಮೆ ತೆರೆದು ನೋಡಿ, ಅವರನ್ನ ಪಕ್ಕದಲ್ಲಿ ಕೂರಿಸಿಕೊಂಡು. ಈಗ ನಿಮ್ಮ ಪ್ರಶ್ನೆಗಳು ಇದ್ದರೆ ಕೇಳಿ.